ಮುಕ್ತ ತಂತ್ರಾಂಶದ ಇತಿಹಾಸದಲ್ಲಿ ವಿಶ್ವಾಸದ ಪ್ರಶ್ನೆ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಪ್ರಕ್ಷೇಪವೆಂಬುದು ಹೊಸ ವಿಷಯವಲ್ಲ. ಕವಿ ರಚಿಸಿದ ಪಾಠವೊಂದು, ಲಿಪಿಕಾರರ ಕೈ ದಾಟಿ ಬಂದ ಪ್ರತಿಯೊಂದು. ಇವೆರಡರ ನಡುವೆ ಅನ್ಯರು ಸೇರಿಸಿದ ಪದ್ಯಗಳು ಮೂಲವೆಂಬ ಹೆಸರಿನಿಂದಲೇ ತಲೆಮಾರುಗಟ್ಟಲೆ ಸಲ್ಲುವುದುಂಟು. ಪ್ರತಿಗಳನ್ನು ತಾಳೆ ಹಾಕಿ ನೋಡುವವರೆಗೆ ಆ ಸೇರ್ಪಡೆ ಹೊರಬೀಳುವುದಿಲ್ಲ. ಓಲೆಗರಿಗಳ ಕಾಲಕ್ಕೆ ಸೇರಿದುದೆಂದು ತೋರುವ ಈ ಸಮಸ್ಯೆಯು ಗಣಕಯಂತ್ರಗಳ ಲೋಕದಲ್ಲಿಯೂ ತಲೆದೋರಿ, 2024ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಅಸಂಖ್ಯ ಯಂತ್ರಗಳನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸಿತು. ಆ ಪ್ರಸಂಗದ ಮರ್ಮವನ್ನು ಅರಿಯಬೇಕಾದರೆ ಅದರ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಅವಲೋಕಿಸುವುದು ಅವಶ್ಯಕ.

ಗಣಕಯಂತ್ರವು ನಡೆಯಿಸುವ ತಂತ್ರಾಂಶವು ಮನುಷ್ಯನ ಓದಿಗೆ ಸುಲಭವಾಗಿ ನಿಲುಕದ ಅಂಕಗಳ ರಾಶಿ. ಅದರ ಕರ್ತೃವು ಮೊದಲು ಬರೆಯುವುದು ಮನುಷ್ಯರು ಓದಬಲ್ಲ ಮೂಲಪಾಠವನ್ನು. ಅನುವಾದಕವೆಂಬ ಇನ್ನೊಂದು ತಂತ್ರಾಂಶವು ಅದನ್ನು ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಮೂಲಪಾಠವನ್ನು ಗುಟ್ಟಾಗಿಟ್ಟು ಯಂತ್ರಭಾಷೆಯ ಪ್ರತಿಯನ್ನಷ್ಟೇ ಮಾರುವ ಪದ್ಧತಿ ಬಲಿಯುತ್ತಿದ್ದ ಕಾಲದಲ್ಲಿ, 1983ರ ಸೆಪ್ಟೆಂಬರಿನಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಯನ್ನು ಸಾರಿದರು. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ನಿರ್ಮಿಸುವುದು ಅದರ ಧ್ಯೇಯ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್, ಮರುವರ್ಷ ಗ್ನೂ ಯೋಜನೆಯ ಪರವಾನಗಿಯನ್ನೇ ಅಂಗೀಕರಿಸಿತು. ಇಂದು ಅಂತರ್ಜಾಲದ ಸೇವಾಯಂತ್ರಗಳ ಬಹುಭಾಗವೂ ಆಂಡ್ರಾಯ್ಡ್ ದೂರವಾಣಿಗಳೂ ಈ ಲಿನಕ್ಸಿನ ಆಧಾರದ ಮೇಲೆಯೇ ನಡೆಯುತ್ತವೆ.

ಪಾಠವು ಬಹಿರಂಗವಾಗಿರುವುದರಿಂದ ಅದರ ದೋಷಗಳು ಬಹುಕಾಲ ಅಡಗಿರಲಾರವೆಂಬ ನಂಬಿಕೆ ಈ ಚಳವಳಿಯೊಡನೆ ಬೆಳೆಯಿತು. ನೋಡುವ ಕಣ್ಣುಗಳು ಹೆಚ್ಚಿದಷ್ಟೂ ತಪ್ಪುಗಳು ಬೇಗನೆ ಬಯಲಾಗುವುವೆಂಬ ವಾದವನ್ನು 1997ರಲ್ಲಿ ಎರಿಕ್ ರೇಮಂಡ್ ಪ್ರಸಿದ್ಧಿಗೆ ತಂದರು. ಆದರೆ ಇದಕ್ಕೆ ಬಹು ಮುಂಚೆಯೇ ಒಂದು ಎಚ್ಚರಿಕೆಯ ಮಾತು ಕೇಳಿಬಂದಿತ್ತು. ಯೂನಿಕ್ಸ್ ವ್ಯವಸ್ಥೆಯ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್, ಟ್ಯೂರಿಂಗ್ ಪ್ರಶಸ್ತಿಯ ನಿಮಿತ್ತ ಮಾಡಿದ, 1984ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ, ಮೂಲಪಾಠವು ಪರಿಶುದ್ಧವಾಗಿದ್ದರೂ ಅನುವಾದಕವೇ ಕಳ್ಳದಾರಿಯೊಂದನ್ನು ಯಂತ್ರಭಾಷೆಯೊಳಗೆ ಸೇರಿಸಬಲ್ಲದೆಂಬುದನ್ನು ತೋರಿಸಿದರು. ಪಾಠವನ್ನು ಓದಿದರಷ್ಟೇ ಸಾಲದು, ಅದನ್ನು ಸಿದ್ಧಪಡಿಸಿದವರಲ್ಲಿ ವಿಶ್ವಾಸವಿರಬೇಕು ಎಂಬುದು ಅವರ ಉಪನ್ಯಾಸದ ತಾತ್ಪರ್ಯ.

ಓದುವ ಅವಕಾಶವಿದ್ದರೂ ಓದುವವರೇ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ 2014ರ ಹಾರ್ಟ್‌ಬ್ಲೀಡ್ ಪ್ರಕರಣವು ನಿದರ್ಶನ. ಅಂತರ್ಜಾಲದ ವ್ಯವಹಾರಗಳಿಗೆ ಗೋಪ್ಯತೆಯನ್ನು ಒದಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ 2012ರ ಮಾರ್ಚ್ ಆವೃತ್ತಿಯಲ್ಲಿ ಸೇರಿಹೋಗಿದ್ದ ಒಂದು ದೋಷದಿಂದಾಗಿ, ದೂರದಲ್ಲಿ ಕುಳಿತವನು ಸೇವಾಯಂತ್ರದ ಸ್ಮೃತಿಯಿಂದ ಒಂದೊಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ಕದಿಯಬಹುದಾಗಿತ್ತು. ಅದು ಲೋಕಕ್ಕೆ ತಿಳಿದದ್ದು 2014ರ ಏಪ್ರಿಲ್ 7ರಂದು. ಎರಡು ವರ್ಷಗಳಿಗೂ ಮಿಕ್ಕಿ ತೆರೆದ ಪುಟದ ಮೇಲೆಯೇ ಆ ತಪ್ಪು ಕುಳಿತಿತ್ತು. ಇದು ದುರುದ್ದೇಶದ ಪ್ರಕ್ಷೇಪವಲ್ಲ, ಕೈತಪ್ಪು ಮಾತ್ರ. ಕೋಟ್ಯಂತರ ಜನರ ಗುಟ್ಟುಗಳನ್ನು ಕಾಯುತ್ತಿದ್ದ ಈ ಯೋಜನೆಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ದಾನರೂಪವಾಗಿ ವರ್ಷಕ್ಕೆ ಬರುತ್ತಿದ್ದುದು ಸುಮಾರು 2,000 ಡಾಲರುಗಳು.

2024ರ ಪ್ರಸಂಗವು ಇದಕ್ಕಿಂತಲೂ ಗಹನವಾದುದು. ಕಡತಗಳನ್ನು ಕುಗ್ಗಿಸಿ ಕಡಮೆ ಸ್ಥಳದಲ್ಲಿ ಅಡಕಗೊಳಿಸುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶವು ಲಿನಕ್ಸಿನ ಪ್ರಮುಖ ವಿತರಣೆಗಳಲ್ಲೆಲ್ಲ ಸೇರಿರುತ್ತದೆ. ಫಿನ್ಲೆಂಡಿನ ಲಾಸೆ ಕಾಲಿನ್ ಎಂಬವರು ಅನೇಕ ವರ್ಷಗಳಿಂದ ಬಹುಮಟ್ಟಿಗೆ ಏಕಾಕಿಯಾಗಿ, ವೇತನವಿಲ್ಲದೆ, ಅದರ ಪಾಲನೆಯನ್ನು ನಿರ್ವಹಿಸುತ್ತಿದ್ದರು. 2021ರಲ್ಲಿ ಜಿಯಾ ತಾನ್ ಎಂಬ ಹೆಸರಿನಿಂದ ಒಬ್ಬ ಸಹಾಯಕನು ಕಾಣಿಸಿಕೊಂಡು ಉಪಯುಕ್ತವಾದ ತಿದ್ದುಪಡಿಗಳನ್ನು ಕಳುಹಿಸತೊಡಗಿದನು. ಮರುವರ್ಷ, ಹಿಂದೆಂದೂ ಕೇಳರಿಯದ ಕೆಲವು ಹೆಸರುಗಳಿಂದ ಆಕ್ಷೇಪಣೆಯ ಪತ್ರಗಳು ಬಂದುವು: ಕೆಲಸವು ನಿಧಾನವಾಗಿ ಸಾಗುತ್ತಿದೆ, ಹೊಸ ಪಾಲಕನನ್ನು ನೇಮಿಸಬೇಕು ಎಂಬುದೇ ಅವುಗಳ ಸಾರ. ಕಾಲಿನ್ ಅವರು ತಮ್ಮ ದೀರ್ಘಕಾಲದ ಅಸ್ವಾಸ್ಥ್ಯವನ್ನು ತಿಳಿಸಿ, ಇದು ಸಂಬಳವಿಲ್ಲದೆ ಹವ್ಯಾಸಕ್ಕಾಗಿ ಮಾಡುವ ಕೆಲಸವೆಂಬುದನ್ನು ನೆನಪಿಸಿದರು. ಕಡೆಗೆ ಜಿಯಾ ತಾನ್‌ಗೆ ಸಹಪಾಲಕನ ಸ್ಥಾನ ದೊರೆಯಿತು. 2023ರ ಹೊತ್ತಿಗೆ ಹೊಸ ಆವೃತ್ತಿಗಳನ್ನು ಪ್ರಕಟಿಸುವ ಅಧಿಕಾರವೂ ಅವನ ಕೈಸೇರಿತು.

2024ರ ಫೆಬ್ರವರಿ ಹಾಗೂ ಮಾರ್ಚ್ ತಿಂಗಳುಗಳಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಆ ಅಧಿಕಾರದ ದುರುಪಯೋಗವು ನಡೆಯಿತು. ಪರೀಕ್ಷೆಗೆಂದು ಇರಿಸಿದ, ಯಾರೂ ಓದಲಾಗದ ಅಂಕರೂಪದ ಕಡತಗಳೊಳಗೆ ವಿಷವು ಅಡಗಿತ್ತು. ಅದನ್ನು ಹೊರತೆಗೆದು ತಂತ್ರಾಂಶಕ್ಕೆ ಬೆರೆಸುವ ಸಾಲುಗಳು ಎಲ್ಲರೂ ನೋಡುವ ಮಾತೃಕೆಯಲ್ಲಿ ಇರಲಿಲ್ಲ. ವಿತರಣೆಗೆಂದು ಕಟ್ಟಿಕೊಟ್ಟ ಪ್ರತಿಯಲ್ಲಿ ಮಾತ್ರ ಇದ್ದುವು. ಗ್ರಂಥಸಂಪಾದಕರ ಭಾಷೆಯಲ್ಲಿ ಹೇಳುವುದಾದರೆ, ಮಾತೃಕೆ ಒಂದು, ಪ್ರಚಾರದಲ್ಲಿದ್ದ ಪಾಠ ಇನ್ನೊಂದು. ಕೆಲವು ಲಿನಕ್ಸ್ ವಿತರಣೆಗಳಲ್ಲಿ, ದೂರದಿಂದ ಯಂತ್ರಗಳನ್ನು ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸೇವೆಯು ಪರೋಕ್ಷವಾಗಿ ಎಕ್ಸ್‌ಜೆಡ್‌ನ ಭಾಗವೊಂದನ್ನು ಅವಲಂಬಿಸಿತ್ತು. ಆದಕಾರಣ ನಿರ್ದಿಷ್ಟವಾದ ಗುಪ್ತ ಕೀಲಿಯನ್ನು ಹೊಂದಿದವನಿಗೆ ಅಂತಹ ಯಂತ್ರಗಳ ಹಿತ್ತಿಲ ಬಾಗಿಲು ತೆರೆದಂತಾಗುತ್ತಿತ್ತು.

ಇದನ್ನು ಕಂಡುಹಿಡಿದವರು ಮೈಕ್ರೋಸಾಫ್ಟ್ ಸಂಸ್ಥೆಯ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್. ಅವರು ಕಳ್ಳನನ್ನು ಹುಡುಕಲು ಹೊರಟವರಲ್ಲ. ಯಂತ್ರದ ವೇಗವನ್ನು ಅಳೆಯುತ್ತಿದ್ದರು. ಪ್ರವೇಶದ ಕ್ರಿಯೆಯು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದು ಅವರ ಗಮನಕ್ಕೆ ಬಂದಿತು. ಆ ಅಲ್ಪ ವಿಲಂಬವನ್ನು ಅಲಕ್ಷಿಸದೆ, ಕಾರಣವನ್ನು ಹುಡುಕುತ್ತ ಎಕ್ಸ್‌ಜೆಡ್‌ನ ಒಳಗಿನವರೆಗೂ ತಲಪಿ, ಮಾರ್ಚ್ 29ರಂದು ವಿಷಯವನ್ನು ಬಹಿರಂಗಪಡಿಸಿದರು. ಅಪಾಯದ ಮಾನದಂಡದಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಅಂಕಗಳು ದೊರೆತುವು. ದುಷ್ಟ ಆವೃತ್ತಿಗಳು ಡೆಬಿಯನ್, ಫೆಡೋರಾ ಮೊದಲಾದವುಗಳ ಪರೀಕ್ಷಾ ಹಂತದ ವಿತರಣೆಗಳನ್ನು ಪ್ರವೇಶಿಸಿದ್ದುವೇ ಹೊರತು ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಕಾಲಿನ್ ಅವರು ಪಾಠವನ್ನು ಶುದ್ಧಗೊಳಿಸಿ ಅದೇ ವರ್ಷದ ಮೇ ತಿಂಗಳಿನಲ್ಲಿ 5.6.2 ಆವೃತ್ತಿಯನ್ನು ಪ್ರಕಟಿಸಿದರು. ಜಿಯಾ ತಾನ್ ಎಂಬ ಹೆಸರಿನ ಹಿಂದಿದ್ದವರು ಯಾರೆಂಬುದು ರುಜುವಾತಾಗಿಲ್ಲ.

ಈ ಪ್ರಸಂಗದಿಂದ ಮುಕ್ತ ತಂತ್ರಾಂಶದ ತತ್ತ್ವವೇ ಬಿದ್ದುಹೋಯಿತೆಂದು ಹೇಳುವವರುಂಟು. ಅದು ಅವಸರದ ತೀರ್ಮಾನ. ಮೂಲಪಾಠವು ಮುಚ್ಚಿದ್ದ ಪಕ್ಷದಲ್ಲಿ ಫ್ರಾಯಿಂಡ್ ಅವರಿಗೆ ವಿಲಂಬವು ಕಾಣುತ್ತಿತ್ತು, ಆದರೆ ಅದರ ಕಾರಣವನ್ನು ಬೆನ್ನಟ್ಟಿ ಹೋಗುವುದು ಬಲು ದುಸ್ತರವಾಗುತ್ತಿತ್ತು. ಆದರೆ ಮುಕ್ತತೆಯೊಂದೇ ರಕ್ಷಣೆಯೆಂಬ ನಂಬಿಕೆಯೂ ನಿಲ್ಲಲಾರದು. ಮುಕ್ತತೆಯು ಓದುವ ಹಕ್ಕನ್ನು ಕೊಡುತ್ತದೆ. ಓದುವ ಶ್ರಮವನ್ನು ಅದು ತಾನಾಗಿ ಒದಗಿಸುವುದಿಲ್ಲ. ವಂಚಕನು ಇಲ್ಲಿ ಗೆದ್ದದ್ದು ಗಣಿತದ ಬೀಗವನ್ನು ಒಡೆದಲ್ಲ. ಬಳಲಿದ ಒಬ್ಬ ಮನುಷ್ಯನಿಗೆ ಎರಡು ವರ್ಷಗಳಿಗೂ ಮಿಕ್ಕಿ ನೆರವಾಗುತ್ತ, ಆ ನೆರವನ್ನೇ ವಿಶ್ವಾಸದ ಬೆಲೆಯನ್ನಾಗಿ ಮಾಡಿಕೊಂಡು. ಆ ಕೆಲಸದಿಂದ ಲಾಭ ಪಡೆಯುತ್ತಿದ್ದ ಸಂಸ್ಥೆಗಳು ಹೊರಬೇಕಾಗಿದ್ದ ಭಾರವನ್ನು ಅವರು ಹೊರದೆ ಬಿಟ್ಟದ್ದರಿಂದ, ವಂಚಕನೇ ಹೆಗಲು ಕೊಡಲು ಬಂದನು.

ಈ ಕೊರತೆಯ ಅರಿವು ಇತ್ತೀಚೆಗೆ ಕೆಲಮಟ್ಟಿಗೆ ಮೂಡಿದೆ. ಹಾರ್ಟ್‌ಬ್ಲೀಡ್‌ನ ಬೆನ್ನಿಗೇ ಲಿನಕ್ಸ್ ಫೌಂಡೇಶನ್ ಇಂತಹ ಮೂಲಭೂತ ತಂತ್ರಾಂಶಗಳಿಗೆ ಧನಸಹಾಯದ ಏರ್ಪಾಡನ್ನು ಮಾಡಿತು. ಜರ್ಮನಿಯ ಸರ್ಕಾರವು 2022ರಲ್ಲಿ ಇದೇ ಉದ್ದೇಶದಿಂದ ಸಾರ್ವಜನಿಕ ನಿಧಿಯೊಂದನ್ನು ಸ್ಥಾಪಿಸಿತು. 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಯುರೋಪಿನ ಒಕ್ಕೂಟದ ಶಾಸನವು, ತಂತ್ರಾಂಶವುಳ್ಳ ಸರಕುಗಳನ್ನು ಮಾರುವವರ ಮೇಲೆ ಅವುಗಳ ಸುರಕ್ಷತೆಯ ಹೊಣೆಯನ್ನು ಹೊರಿಸಿದೆ. ಇವೆಲ್ಲವೂ ಸ್ವಾಗತಾರ್ಹವೇ. ಆದರೂ ಪ್ರತಿಗಳನ್ನು ತಾಳೆ ಹಾಕುವ ಕೆಲಸವು ಎಂದಿನಂತೆ ತಾಳ್ಮೆಯ ಕೆಲಸವಾಗಿಯೇ ಉಳಿದಿದೆ. ಅದನ್ನು ಮಾಡಬಲ್ಲವರು ಕೆಲವರೇ. ಆ ಕೆಲವರ ಯೋಗಕ್ಷೇಮವನ್ನು ವಿಚಾರಿಸುವುದು ಉಪಕಾರಬುದ್ಧಿಯ ಮಾತಲ್ಲ, ಅವರ ಕೃತಿಯನ್ನು ನಂಬಿ ಬಾಳುವ ಸಮಾಜದ ಕರ್ತವ್ಯ.