‘ಕಲಬುರಗಿದಲ್ಲಿ’: ಒಂದು ಅಪಪಾಠದ ವಿಚಾರ

‘ಕಲಬುರಗಿದಲ್ಲಿ ತೊಗರಿ ಮುಖ್ಯ ಬೆಳೆ.’ ಕೃಷಿ ತರಬೇತಿಗೆಂದು ಯಾರೋ ಮಾಡಿದ ಸ್ಲೈಡೊಂದರ ಈ ವಾಕ್ಯದ ಮೇಲೆ ನಾನು ಇಷ್ಟು ಪುಟ ಬರೆಯಬೇಕಾಗಿ ಬಂದದ್ದು ಹಿರಿಯ ವಿದ್ವಾಂಸರೊಬ್ಬರ ದೆಸೆಯಿಂದ. ಅವರ ಹೆಸರು ಹೇಳುವುದಿಲ್ಲ. ಶಾಸನ ಓದುವುದನ್ನು ನನಗೆ ಕಲಿಸಿದವರಲ್ಲಿ ಅವರೂ ಒಬ್ಬರು. ವಿಚಾರಸಂಕಿರಣವೊಂದರಲ್ಲಿ ಅವರು ಇದೇ ಸ್ಲೈಡಿನ ಮುದ್ರಿತ ಪ್ರತಿಯನ್ನು ಎತ್ತಿ ಹಿಡಿದು ಎರಡು ನಿರ್ಣಯ ಕೊಟ್ಟರು. ‘ಕಲಬುರಗಿದಲ್ಲಿ’ ಎಂಬುದು ಈಶಾನ್ಯ ಕರ್ನಾಟಕದ ಆಡುನುಡಿ ಬರಹಕ್ಕೆ ಇಳಿದಿರುವ ರೂಪ, ಇದು ಮೊದಲನೆಯದು. ಅದೇ ಸ್ಲೈಡಿನ ಮೂರನೆಯ ಸಾಲಿನಲ್ಲಿ ‘ಗುಲಬರ್ಗಾದ ಎರೆಮಣ್ಣು’ ಎಂದು ಉಳಿದಿರುವುದರಿಂದ ಬರೆದವರು ಇಬ್ಬರು, ಅವರಲ್ಲೊಬ್ಬರಿಗೆ ಹಳೆಯ ಹೆಸರಿನ ಮೇಲೆ ಮಮತೆ, ಇದು ಎರಡನೆಯದು. ಸಭೆ ತಲೆದೂಗಿತು. ನಾನು ಆ ದಿನ ಸುಮ್ಮನಿದ್ದೆ. ಮೂಲ ಕಡತ ಆಗ ನನ್ನ ಬಳಿ ಇರಲಿಲ್ಲ, ಪ್ರತಿ ನೋಡದೆ ಪಾಠದ ಮಾತಾಡಬಾರದೆಂಬ ಮನೆತನದಲ್ಲಿ ನಾನು ಬೆಳೆದವನು.

ಈಗ ಕಡತ ಇದೆ. ಒಂದಲ್ಲ, ಒಂದೇ ಪೆನ್‌ಡ್ರೈವಿನಲ್ಲಿದ್ದ 9 ಕಡತ.

2014ರ ನವೆಂಬರ್ 1ರ ನಾಮಾಂತರದ ಕಥೆ ಓದುಗರಿಗೆ ಗೊತ್ತು. 12 ಊರುಗಳ ಹೆಸರು ಬದಲಾದವು ಎನ್ನುತ್ತೇವೆ. ಆದರೆ ಕನ್ನಡ ಬರಹದ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಬದಲಾಗಲೇ ಇಲ್ಲ, ಬದಲಾದದ್ದು ಇಂಗ್ಲಿಷ್ ಕಾಗುಣಿತ. ಬೆಂಗಳೂರು, ಮೈಸೂರು, ಬಳ್ಳಾರಿ, ತುಮಕೂರು, ಹೊಸಪೇಟೆ ಕನ್ನಡದಲ್ಲಿ ಹಾಗೆಯೇ ಇದ್ದವು. ಕನ್ನಡ ಸ್ಲೈಡುಗಳಲ್ಲಿ ನಿಜವಾಗಿ ತಿದ್ದಬೇಕಾಗಿದ್ದುದು ಮುಖ್ಯವಾಗಿ ಮೂರು: ಗುಲಬರ್ಗಾ, ಬಿಜಾಪುರ, ಮತ್ತು ಬೆಳಗಾವಿ ಎಂಬ ರೂಪ ಬಳಕೆಯಲ್ಲಿದ್ದರೂ ಕೆಲವರು ಬಿಡದೆ ಬರೆಯುತ್ತಿದ್ದ ಬೆಳಗಾಂ. ನನ್ನ ವಾದವೆಲ್ಲ ಈ ಮೂರರ ಬಾಲದಲ್ಲಿದೆ.

‘ಬಿಜಾಪುರದಲ್ಲಿ’ ಎಂಬಲ್ಲಿ ಬಿಜಾಪುರವನ್ನು ಕಿತ್ತು ವಿಜಯಪುರವನ್ನು ಇಟ್ಟರೆ ‘ವಿಜಯಪುರದಲ್ಲಿ’ ಆಗುತ್ತದೆ. ಎರಡೂ ಅಕಾರಾಂತ, ದಕಾರಾಗಮ ಎರಡಕ್ಕೂ ಸಲ್ಲುತ್ತದೆ. ಆದ್ದರಿಂದ ಬಿಜಾಪುರ ನಮಗೆ ಏನನ್ನೂ ಹೇಳದ ಸಾಕ್ಷಿ. ಆದರೆ ‘ಗುಲಬರ್ಗಾದಲ್ಲಿ’ ಎಂಬಲ್ಲಿ ಹೆಸರನ್ನಷ್ಟೇ ಕಿತ್ತು ಕಲಬುರಗಿಯನ್ನು ಇಟ್ಟರೆ ಹಿಂದೆ ಇದ್ದ ‘ದಲ್ಲಿ’ ಅಲ್ಲೇ ಉಳಿದುಕೊಳ್ಳುತ್ತದೆ. ಇಕಾರಾಂತಕ್ಕೆ ಬೇಕಾದ ಯಕಾರ ತಾನಾಗಿ ಬರುವುದಿಲ್ಲ. ‘ಕಲಬುರಗಿದಲ್ಲಿ’ ಹುಟ್ಟಿದ್ದು ಹೀಗೆ. ಅದು ಆಡುನುಡಿಯಲ್ಲ, ಹೊಸ ತಲೆಗೆ ಅಂಟಿಕೊಂಡ ಹಳೆಯ ಬಾಲ.

ಹಿರಿಯರ ಪರವಾಗಿ ಒಂದು ಮಾತು ಒಪ್ಪಬೇಕು. ಆ ಸೀಮೆಯ ಮಾತಿನಲ್ಲಿ ‘ಗಾಡಿದಾಗ’ ಎಂಬಂಥ ದಕಾರ ಕಿವಿಗೆ ಬಿದ್ದರೂ ಬೀಳಬಹುದು, ಅಲ್ಲಗಳೆಯುವುದಿಲ್ಲ. ಆದರೆ ಗಮನಿಸಿ, ಅಲ್ಲಿ ಬರುವುದು ‘ಆಗ’. ಹುಬ್ಬಳ್ಳ್ಯಾಗ, ಮನ್ಯಾಗ, ಧಾರವಾಡದಾಗ ಎನ್ನುವ ಬಾಯಿ ಬರೆಯುವಾಗ ಮಾತಿನ ದಕಾರವನ್ನು ಉಳಿಸಿಕೊಂಡು ಗ್ರಾಂಥಿಕದ ‘ಅಲ್ಲಿ’ಯನ್ನು ಮಾತ್ರ ಪೇಟದಂತೆ ಸುತ್ತಿಕೊಂಡಿತೆಂದು ನಂಬಬೇಕೆ? ಅದೂ ಹೋಗಲಿ. ಅದೇ ಕಡತದ ಮುಂದಿನ ಸ್ಲೈಡಿನಲ್ಲಿ ‘ಬಳ್ಳಾರಿಯಲ್ಲಿ’ ಎಂದಿದೆ. ಬಳ್ಳಾರಿಯೂ ಇಕಾರಾಂತ, ಊರಿನ ಹೆಸರು, ಬರೆದವರೂ ಅವರೇ. ಬಳ್ಳಾರಿಗೆ ಯಕಾರ, ಕಲಬುರಗಿಗೆ ದಕಾರ, ಇದು ಯಾವ ಉಪಭಾಷೆಯ ವ್ಯಾಕರಣ? ಬಳ್ಳಾರಿಯನ್ನು ಯಾರೂ ಬದಲಿಸಲಿಲ್ಲ, ಕಲಬುರಗಿಯನ್ನು ಬದಲಿಸಿದರು. ವ್ಯತ್ಯಾಸ ಅಷ್ಟೇ.

ಇನ್ನೂ ಸಂಶಯ ಉಳಿದವರು ಐದನೆಯ ಕಡತ ನೋಡಬೇಕು. ಅಲ್ಲಿ ‘ಬೆಳಗಾವಿನಲ್ಲಿ’ ಎಂದಿದೆ. ‘ಬೆಳಗಾಂನಲ್ಲಿ’ಯ ನಕಾರ ಬೆಳಗಾವಿಗೆ ಅಂಟಿಕೊಂಡಿದೆ. ಒಂದೇ ಬರಹಗಾರನ ನಾಲಗೆ ಒಂದು ಇಕಾರಾಂತ ಊರಿಗೆ ದಕಾರವನ್ನೂ ಇನ್ನೊಂದಕ್ಕೆ ನಕಾರವನ್ನೂ ಮೂರನೆಯದಕ್ಕೆ ಯಕಾರವನ್ನೂ ಹಚ್ಚಿತೆಂದು ವಾದಿಸುವವರ ಜತೆ ನಾನು ಚರ್ಚೆಗೆ ಇಳಿಯುವುದಿಲ್ಲ. (ಬೆಳಗಾಂ ಒಂದು ಕಡೆ ಹಾಗೆಯೇ ಉಳಿದಿದೆ. ಅಲ್ಲಿ ಸೊನ್ನೆಯ ಜಾಗದಲ್ಲಿ ಅನುಸ್ವಾರವಿಲ್ಲ, ಕನ್ನಡ ಅಂಕಿಯ ಸೊನ್ನೆ ಕೂತಿದೆ: ‘ಬೆಳಗಾ೦’. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ನಮ್ಮಲ್ಲಿ ಎಷ್ಟೋ ಜನ ಟೈಪಿಸುವುದು ಹೀಗೆಯೇ, ನಾನೂ ಬಹಳ ದಿನ ಹಾಗೇ ಮಾಡುತ್ತಿದ್ದೆ.)

ಇನ್ನು ಎರಡನೆಯ ನಿರ್ಣಯ: ಇಬ್ಬರು ಬರಹಗಾರರು, ಹಳೆಯ ಹೆಸರಿನ ಮಮತೆ.

ಇಲ್ಲಿ ನನ್ನ ಅಸಮಾಧಾನ ಹಿರಿಯರ ಮೇಲಲ್ಲ, ‘ಹುಡುಕಿ ಬದಲಿಸು’ ಎಂಬ ಕ್ರಿಯೆಯ ಚರಿತ್ರೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ನಮ್ಮ ಗಣಕ ಲೇಖಕರ ಮೇಲೆ. 1960ರ ದಶಕದಲ್ಲಿ ಬರ್ಕ್ಲಿಯ ಕ್ಯೂಇಡಿ, ಅದಕ್ಕೆ ಕೆನ್ ಥಾಂಪ್ಸನ್ ಸೇರಿಸಿದ ರೆಗ್ಯುಲರ್ ಎಕ್ಸ್‌ಪ್ರೆಶನ್, 1968ರ ಅವರ ಪ್ರಬಂಧ, ಬೆಲ್ ಲ್ಯಾಬ್ಸ್‌ನ ಇಡಿ, ಆಮೇಲೆ ಲೀ ಮೆಕ್‌ಮಹೊನ್ ಬರೆದ ಸೆಡ್, ಅಲ್ಲಿಂದ ನೇರ ಇವತ್ತಿನ ಪವರ್‌ಪಾಯಿಂಟ್. ಈ ವಂಶಾವಳಿ ಎಲ್ಲರ ಬಾಯಲ್ಲೂ ಇದೆ. ಆದರೆ ಕೊನೆಯ ಕೊಂಡಿ ಸುಳ್ಳು. ಸೆಡ್‌ನ ಕಣ್ಣಿಗೆ ಪಠ್ಯವೆಂದರೆ ಸಾಲು, ಸಾಲೆಂದರೆ ಒಂದರ ಪಕ್ಕ ಒಂದು ಕೂತ ಅಕ್ಷರ. ರಾಬರ್ಟ್ ಗ್ಯಾಸ್ಕಿನ್ಸ್, ಡೆನ್ನಿಸ್ ಆಸ್ಟಿನ್ ಮೊದಲಾದವರು ಫೋರ್‌ಥಾಟ್ ಸಂಸ್ಥೆಯಲ್ಲಿ ಕಟ್ಟಿ 1987ರಲ್ಲಿ ಮ್ಯಾಕಿಂಟಾಶ್‌ಗೆ ಬಿಟ್ಟ ಪವರ್‌ಪಾಯಿಂಟ್‌ನಲ್ಲಿ ಸಾಲೇ ಇಲ್ಲ, ಪೆಟ್ಟಿಗೆಗಳಿವೆ. ಎಳೆದು ಎಲ್ಲಿ ಬೇಕಾದರೂ ಇಡಬಹುದಾದ ಪೆಟ್ಟಿಗೆ, ಅದರೊಳಗೆ ಪರಿಚ್ಛೇದ, ಅದರೊಳಗೆ ತುಣುಕು.

ಈ ತುಣುಕೇ ನಮ್ಮವರು ಓದದೆ ಬಿಟ್ಟ ಆಕರ. 2006ರ ಡಿಸೆಂಬರಿನಲ್ಲಿ ಇಕ್ಮಾ-376 ಎಂಬ ಮಾನಕವಾಗಿ ಹೊರಬಂದ ವಿವರಣೆಯಲ್ಲಿ ಅದಕ್ಕೆ ‘ರನ್’ ಎಂದು ಹೆಸರು. (ಅದನ್ನು ಐಎಸ್‌ಒ ಅಂಗೀಕರಿಸುವಾಗ ಭಾರತ ವಿರೋಧವಾಗಿ ಮತ ಹಾಕಿತ್ತು. ಮತ ಹಾಕಿದ ಮೇಲಾದರೂ ನಮ್ಮ ವಿದ್ವಾಂಸರು ಅದನ್ನು ಓದಬಹುದಿತ್ತು.) ಓದುಗರು ತಾವೇ ಪರೀಕ್ಷಿಸಬಹುದು. ‘ಪಿಪಿಟಿಎಕ್ಸ್’ ಕಡತದ ನಕಲೊಂದನ್ನು ಮಾಡಿ ಹೆಸರಿನ ಕೊನೆಯಲ್ಲಿ ‘ಜಿಪ್’ ಎಂದು ಬದಲಿಸಿ ತೆರೆಯಿರಿ. ಪ್ರತಿ ಸ್ಲೈಡಿಗೂ ಒಂದು ಎಕ್ಸ್‌ಎಂಎಲ್ ಕಡತ ಒಳಗಿರುತ್ತದೆ. ಒಂದೇ ಗುಣಲಕ್ಷಣದ ಅಕ್ಷರಗಳೆಲ್ಲ ಒಂದು ತುಣುಕು. ದಪ್ಪಕ್ಷರ ಬಂದರೆ, ಬಣ್ಣ ಬದಲಾದರೆ, ಕಾಗುಣಿತ ತಪ್ಪೆಂದು ಕೆಂಪು ಗೆರೆ ಬಿದ್ದರೆ, ಟೈಪಿಸುವ ಭಾಷೆ ಬದಲಾದರೆ ಹೊಸ ತುಣುಕು ಶುರು. ಪರದೆಯ ಮೇಲೆ ಒಂದೇ ಪದ, ಹೊಟ್ಟೆಯೊಳಗೆ ಎರಡು.

ನಮ್ಮ ಸ್ಲೈಡಿನ ಮೂರನೆಯ ಸಾಲು ಹೀಗೇ ಇದೆ. ಮೊದಲ ತುಣುಕಿನಲ್ಲಿ ‘ಗುಲ’, ಅದರ ಭಾಷೆ ಅಮೆರಿಕದ ಇಂಗ್ಲಿಷ್ ಎಂದು ಗುರುತು. ಎರಡನೆಯದರಲ್ಲಿ ‘ಬರ್ಗಾದ ಎರೆಮಣ್ಣು’, ಅದರ ಭಾಷೆ ಕನ್ನಡ. ಎಲ್ಲಿಂದಲೋ ತಂದು ಅಂಟಿಸಿದ ‘ಗುಲ್ಬರ್ಗಾ’ವನ್ನು ಕನ್ನಡ ಕೀಲಿಮಣೆಯಲ್ಲಿ ‘ಗುಲಬರ್ಗಾ’ ಎಂದು ತಿದ್ದಿದಾಗ ಈ ಬಿರುಕು ಬಿದ್ದಿರಬೇಕೆಂದು ನನ್ನ ಊಹೆ. ಊಹೆ ತಪ್ಪಾದರೂ ಬಿರುಕು ಸುಳ್ಳಲ್ಲ. ‘ಗುಲಬರ್ಗಾ’ ಎಂಬ ಪದವನ್ನು ತುಣುಕು ತುಣುಕಾಗಿ ಹುಡುಕುವ ಯಂತ್ರಕ್ಕೆ ಈ ಸಾಲಿನಲ್ಲಿ ಆ ಪದ ಇಲ್ಲವೇ ಇಲ್ಲ.

ಹಾಗಾದರೆ ಹುಡುಕಿದ್ದು ಯಾವ ಯಂತ್ರ? ಉಳಿಕೆಯ ವಿನ್ಯಾಸವೇ ಉತ್ತರ ಕೊಡುತ್ತದೆ. ಪವರ್‌ಪಾಯಿಂಟ್‌ನ ‘ರೀಪ್ಲೇಸ್ ಆಲ್’ ಗುಂಡಿ ತುಣುಕಿನ ಗಡಿ ಲೆಕ್ಕಿಸುವುದಿಲ್ಲ. ಅದನ್ನು ಒತ್ತಿದ್ದರೆ ಮೂರನೆಯ ಸಾಲೂ ಬದಲಾಗುತ್ತಿತ್ತು. ಆದರೆ ಆ ಗುಂಡಿ ಒಂದು ಸಲಕ್ಕೆ ಒಂದೇ ಕಡತಕ್ಕೆ, ಹತ್ತಾರು ಕಡತವಿದ್ದವರು ಮ್ಯಾಕ್ರೋ ಬರೆಯುತ್ತಿದ್ದರು. ಮ್ಯಾಕ್ರೋದ ರೀಪ್ಲೇಸ್ ಆಜ್ಞೆ ಒಂದು ಕರೆಗೆ ಮೊದಲು ಸಿಕ್ಕ ಪದವೊಂದನ್ನೇ ಬದಲಿಸಿ ಕೈತೊಳೆದುಕೊಳ್ಳುತ್ತದೆ. ಸಿಗದಾಗುವವರೆಗೂ ಮತ್ತೆ ಮತ್ತೆ ಕರೆಯಬೇಕು. ಇದು ತಿಳಿಯದವರ ಮ್ಯಾಕ್ರೋ ಓಡಿದ ಕಡತದಲ್ಲಿ ಪ್ರತಿ ಪೆಟ್ಟಿಗೆಯ ಮೊದಲ ಹೆಸರು ಹೊಸದು, ಮಿಕ್ಕವು ಹಳೆಯವು. ನಮ್ಮ ಪೆಟ್ಟಿಗೆಯಲ್ಲಿ ಮೊದಲೆರಡೂ ಬದಲಾಗಿವೆ, ಮೂರನೆಯದು ಮಾತ್ರ ಇಲ್ಲ. ಅಂದರೆ ಗುಂಡಿಯೂ ಅಲ್ಲ, ಅರೆಬೆಂದ ಮ್ಯಾಕ್ರೋವೂ ಅಲ್ಲ. ಪವರ್‌ಪಾಯಿಂಟ್ ತೆರೆಯದೆ ಹೊರಗಿನಿಂದಲೇ ಕಡತದ ಹೊಟ್ಟೆಗೆ ಕೈಹಾಕಿ ತುಣುಕು ತುಣುಕಾಗಿ ತಿದ್ದಿದ ಸ್ಕ್ರಿಪ್ಟ್ ಇದು.

ಇದಕ್ಕೆ ಪುಷ್ಪಿಕೆಯ ಬೆಂಬಲವೂ ಇದೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತಿಥಿ ವಾರ ಬರೆಯುವಂತೆ ಜಿಪ್ ಕಟ್ಟಿನೊಳಗಿನ ಪ್ರತಿ ಕಡತಕ್ಕೂ ಒಂದು ದಿನಾಂಕವಿರುತ್ತದೆ. ಪವರ್‌ಪಾಯಿಂಟ್ ತಾನು ಉಳಿಸಿದ ಕಡತದಲ್ಲಿ ಅಲ್ಲಿ ನಿಜವಾದ ದಿನ ಬರೆಯುವುದಿಲ್ಲ, 1980ರ ಜನವರಿ 1 ಎಂದು ಬರೆದು ಕೂರುತ್ತದೆ. ನನ್ನ 9 ಕಡತಗಳಲ್ಲಿ 8ರೊಳಗೆ 1980 ಇಲ್ಲ. 2015ರ ಜನವರಿಯ ಒಂದೇ ದಿನ, ಒಂದೇ ಮಧ್ಯಾಹ್ನ, ಕೆಲವೇ ಸೆಕೆಂಡುಗಳ ಅಂತರ. ಹಳೆಯ ಹೆಸರಿನ ಮೇಲೆ ಮಮತೆ ಇದ್ದವರು ಕೂತು ಯೋಚಿಸಿ ತಿದ್ದುವ ವೇಗ ಅದಲ್ಲ.

ಆ ಮಧ್ಯಾಹ್ನದ ಕೈಚಳಕ ಬೇರೆ ಕಡೆಯೂ ಕಾಣುತ್ತದೆ. ವಿಳಾಸವೊಂದು ‘ಕಲಬುರಗಿ ವಿಶ್ವವಿದ್ಯಾಲಯ, ಕಲಬುರಗಿ’ ಎಂದಾಗಿದೆ. ಊರು ಹೆಸರು ಬದಲಿಸಿದರೂ ವಿಶ್ವವಿದ್ಯಾಲಯ ಗುಲಬರ್ಗಾ ವಿಶ್ವವಿದ್ಯಾಲಯವಾಗಿಯೇ ಉಳಿದದ್ದು ಆ ಊರಿನ ಆಟೋದವರಿಗೂ ಗೊತ್ತು. ಛತ್ತೀಸಗಢದ ಬಿಜಾಪುರ ಜಿಲ್ಲೆಯೂ ಒಂದು ಪಟ್ಟಿಯಲ್ಲಿ ವಿಜಯಪುರವಾಗಿದೆ. ಇಂಗ್ಲಿಷ್ ಸ್ಲೈಡೊಂದರ ‘ಬ್ಯಾಂಗಲೋರಿಯನ್’ ಪಾಪ, ‘ಬೆಂಗಳೂರುಅನ್’ ಆಗಿ ನಿಂತಿದ್ದಾನೆ. ನಕ್ಷೆಯ ಪಟ್ಟಿಗಳ ಕೆಳಗಿನ ಹೆಸರುಗಳನ್ನೂ ಸ್ಕ್ರಿಪ್ಟ್ ತಿದ್ದಿದೆ. ಆದರೆ ಅವುಗಳ ಮೂಲ ಇರುವುದು ಒಳಗೆ ಹುದುಗಿಸಿಟ್ಟ ಎಕ್ಸೆಲ್ ಹಾಳೆಯಲ್ಲಿ, ಪರದೆಯಲ್ಲಿ ಕಾಣುವುದು ಅದರ ನೆರಳು. ನಾನು ‘ಎಡಿಟ್ ಡೇಟಾ’ ಒತ್ತಿದ್ದೇ ತಡ, ಗುಲಬರ್ಗಾ ಮರಳಿ ಬಂತು.

ಇನ್ನು ಹಿರಿಯರು ತಮ್ಮ ಮಮತೆಯ ವಾದಕ್ಕೆ ಕಿರೀಟವೆಂದು ತೋರಿಸಿದ ಏಳನೆಯ ಕಡತ, ಅಂದರೆ ಹಳೆಯ ಹೆಸರು ಒಂದೂ ಬಿಡದೆ ಉಳಿದ ಕಡತ. ಅದನ್ನು ನುಡಿ ಫಾಂಟಿನಲ್ಲಿ ಟೈಪಿಸಿದ್ದಾರೆ. ಅಲ್ಲಿ ಕನ್ನಡ ಕಾಣುವುದು ಕಣ್ಣಿಗೆ ಮಾತ್ರ. ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ಕೂರುವುದು ರೋಮನ್ ಪಿ, ತಲೆಯ ಮೇಲೆ ಗೀಟುಳ್ಳ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಆ ಎ, ಜರ್ಮನ್ನರ ಜೋಡಿ ಎಸ್ಸು, ಚಿಕ್ಕ ಕ್ಯೂ, ಮತ್ತೆ ಎ. ಗುಲಬರ್ಗಾದ ಗತಿ ಇನ್ನೂ ವಿಚಿತ್ರ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು, ಗಾ ಆಮೇಲೆ. ನುಡಿಯಲ್ಲಿ ಕಣ್ಣಿನ ಕ್ರಮ, ಗಾ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನ ಗುಲಬರ್ಗಾವನ್ನು ಹಿಡಿದು ಹೊರಟ ಸ್ಕ್ರಿಪ್ಟಿಗೆ ಇಲ್ಲಿ ಒಂದಕ್ಷರವೂ ಸಿಕ್ಕಿರಲಾರದು. ನುಡಿಗೆಂದೇ ಪಟ್ಟಿ ಮಾಡಿಕೊಂಡು ಬಂದಿದ್ದರೂ ಅಪಾಯ ತಪ್ಪುತ್ತಿರಲಿಲ್ಲ. ನುಡಿಯಲ್ಲಿ ದೊಡ್ಡ ವಿ ಎಂದರೆ ‘ಗಿ’, ಚಿಕ್ಕ ವಿ ‘ತ’ದ ಮೈ. ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಎಂದು ಹುಡುಕಿದರೆ ಗಿ ಎಂದಲ್ಲೆಲ್ಲ ತಕಾರ ಸಿಕ್ಕಿಬೀಳುತ್ತದೆ. ಇದು ಮಮತೆಯೆಂದಾದರೆ ಫಾಂಟಿನ ಮಮತೆ.

ಲಿಪಿಕಾರನ ಸ್ಖಾಲಿತ್ಯಕ್ಕೆ ಕಾರಣ ಹುಡುಕುವಾಗ ಮೊದಲು ಅವನ ಮುಂದಿದ್ದ ಪ್ರತಿಯನ್ನು ನೋಡು, ಆಮೇಲೆ ಅವನ ಮನಸ್ಸನ್ನು ಊಹಿಸು ಎಂಬುದು ನಾವು ಕಲಿತ ಪಾಠ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ತರಗತಿಯಲ್ಲಿ ಓದಿಸಿದವರೇ ಮುದ್ರಿತ ಹಾಳೆಯಿಂದ ಮನಸ್ಸನ್ನು ಓದಲು ಹೊರಟರೆ ಶಿಷ್ಯರು ಏನು ಮಾಡಬೇಕು?

ಉಳಿದದ್ದು ಒಂಬತ್ತನೆಯ ಕಡತ. ಅದರಲ್ಲಿ ‘ಕಲಬುರಗಿಯಲ್ಲಿ’ ಎಂದು ಸರಿಯಾಗಿಯೇ ಇದೆ. ನನ್ನ ವಾದಕ್ಕೆ ಇದೇ ಅಡ್ಡಿ ಎಂದು ಕಿರಿಯ ಮಿತ್ರರೊಬ್ಬರು ಬೆರಳಿಟ್ಟರು. ತೆರೆದು ನೋಡಿದೆವು. ‘ಕಲಬುರಗಿ’ ಒಂದು ತುಣುಕು, ಅದಕ್ಕೆ ಇಂಗ್ಲಿಷ್ ಭಾಷೆಯ ಗುರುತು. ‘ಯಲ್ಲಿ’ ಇನ್ನೊಂದು, ಅದಕ್ಕೆ ಕನ್ನಡದ ಗುರುತು. ‘ದಲ್ಲಿ’ ಅಳಿಸಿ ಕನ್ನಡ ಕೀಲಿಮಣೆಯಲ್ಲಿ ‘ಯಲ್ಲಿ’ ಎಂದು ಒತ್ತಿದ ಬೆರಳು ಅದು. ಜಿಪ್ ಕಟ್ಟಿನ ದಿನಾಂಕ ನೋಡಿದೆವು. ಒಂಬತ್ತರಲ್ಲಿ ಈ ಒಂದು ಕಡತದೊಳಗೆ ಮಾತ್ರ 1980ರ ಜನವರಿ 1 ಎಂದಿದೆ.