ಟವೆಲ್ಲಿನ ಕೆಳಗಿನ ಬೆಲೆ

ದನದ ಜಾತ್ರೆಯಲ್ಲಿ ವ್ಯಾಪಾರ ನೋಡಿದವರಿಗೆ ಇದು ಗೊತ್ತಿರುತ್ತದೆ. ಕೊಳ್ಳುವವನೂ ದಲ್ಲಾಳಿಯೂ ಕೈ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿಕೊಳ್ಳುತ್ತಾರೆ. ಒಳಗೆ ಬೆರಳುಗಳು ಮಾತಾಡುತ್ತವೆ. ಸುತ್ತ ನಿಂತವರು ಮುಖ ನೋಡಿ ಊಹಿಸಬೇಕೇ ಹೊರತು ಬೆಲೆ ಯಾರ ಕಿವಿಗೂ ಬೀಳುವುದಿಲ್ಲ. ಎಷ್ಟೋ ಸಲ ಎತ್ತಿನ ಒಡೆಯನಿಗೂ ಪೂರ್ತಿ ಗೊತ್ತಾಗುವುದಿಲ್ಲ. ಚಿಕ್ಕವನಿದ್ದಾಗ ಅಪ್ಪನ ಪಕ್ಕ ನಿಂತು ನೋಡುತ್ತಿದ್ದ ನನಗೆ ಅದು ಜಾದೂವಿನ ಹಾಗೆ ಕಾಣುತ್ತಿತ್ತು. ಓದಿ ಬೆಂಗಳೂರು ಸೇರಿದ ಮೇಲೆ ಅದೇ ದೃಶ್ಯ ಮೋಸದ ಹಾಗೆ ಕಾಣತೊಡಗಿತು. ಈಗ ಎರಡೂ ಅಲ್ಲ ಅನ್ನಿಸುತ್ತದೆ. ಆ ಬದಲಾವಣೆ ಆದದ್ದು ಒಂದು ಸೋಲಿನಿಂದ.

2016ರಲ್ಲಿ ನಾವು ಮೂವರು ಗೆಳೆಯರು ಅಜ್ಜಂಪುರ ಸೀಮೆಯ ಈರುಳ್ಳಿ, ಕಡೂರು ಸೀಮೆಯ ತೆಂಗಿನಕಾಯಿಯನ್ನು ನೇರವಾಗಿ ಬೆಂಗಳೂರಿನ ಹೋಟೆಲ್ಲುಗಳಿಗೆ ಮಾರಿಸುವ ಆ್ಯಪ್ ಕಟ್ಟಿದೆವು. ಟವೆಲ್ ಎಳೆದು ಬಿಸಾಡುವುದೇ ನಮ್ಮ ಕ್ರಾಂತಿ. ಬೆಲೆ ಪರದೆಯ ಮೇಲೆ ಎಲ್ಲರಿಗೂ ಕಾಣಬೇಕು, ಅಷ್ಟೇ. ಊರೂರು ತಿರುಗಿ ಅರವತ್ತು ಚಿಲ್ಲರೆ ರೈತರನ್ನು ಸೇರಿಸಿದೆವು. ಅವರು ಈರುಳ್ಳಿಯ ಫೋಟೊ ಹಾಕಿದರು, ಕೊಳ್ಳುವವರು ಯಾರೂ ತೆರೆದು ನೋಡಲಿಲ್ಲ. ಎರಡನೇ ತಿಂಗಳಲ್ಲಿ ನಾಲ್ಕೈದು ಹೋಟೆಲಿನವರು ಬಂದರು. ಅಷ್ಟರಲ್ಲಿ ರೈತರು ಮಾಲನ್ನು ಯಶವಂತಪುರಕ್ಕೆ ಲಾರಿ ಹತ್ತಿಸಿಯಾಗಿತ್ತು. ಒಬ್ಬರು ಫೋನ್ ಮಾಡಿ, "ಗಡ್ಡೆ ಎಷ್ಟು ಒಣಗಿದೆ?" ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಬೆಂಗಳೂರಿನ ಗೆಳೆಯರು "ಎಂಗೇಜ್‌ಮೆಂಟ್ ಹೆಚ್ಚಿಸಿ" ಎಂದರು. ನಾವು ರೈತರಿಗೆ ದಿನಕ್ಕೆ ಮೂರು ಸಂದೇಶ ಕಳಿಸತೊಡಗಿದೆವು. ಅವರು ಆ್ಯಪನ್ನೇ ತೆಗೆದುಹಾಕಿದರು.

ಕೈ ಸುಟ್ಟುಕೊಂಡ ಮೇಲೆ ಓದಲು ಸಮಯ ಸಿಕ್ಕಿತು. ಸಂತೆ ಎಂಬುದು ನಮ್ಮಲ್ಲಿ ಹೇಗೆ ಕಟ್ಟಲ್ಪಟ್ಟಿತು ಎಂದು ಹುಡುಕುತ್ತ ಹೋದೆ.

ನಮ್ಮ ಮೂರೂ ಊರುಗಳು ಕೂತಿರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ. ತರೀಕೆರೆ ಮಲೆನಾಡಿನ ಹೊಸ್ತಿಲು. ಹಿಂದೆ ಅಡಿಕೆ ತೋಟ, ಮುಂದೆ ಬಯಲು. ಕಡೂರು ಒಣ ಬಯಲುಸೀಮೆ, ರಾಗಿ ಮತ್ತು ತೆಂಗಿನದು. ಅಜ್ಜಂಪುರದ ಸುತ್ತ ಹೊಲ, ಹುಲ್ಲುಗಾವಲು, ದನ. ಒಬ್ಬರಲ್ಲಿ ಇರುವುದು ಇನ್ನೊಬ್ಬರಲ್ಲಿ ಇಲ್ಲ. ಇಂಥ ಗಡಿಯಲ್ಲಿ ವ್ಯಾಪಾರ ಹುಟ್ಟುವುದು ಸಹಜ. ಆದರೆ ಸಂತೆ ತಾನಾಗಿ ಹುಟ್ಟುವುದಿಲ್ಲ, ಯಾರೋ ಕಟ್ಟಬೇಕು. ಹೊಯ್ಸಳ, ವಿಜಯನಗರ ಕಾಲದ ಶಾಸನಗಳಲ್ಲಿ ಸಂತೆ ಕಟ್ಟಿಸಿದವರ ಪ್ರಸ್ತಾಪ ಬರುತ್ತದೆ. ಪಟ್ಟಣಸ್ವಾಮಿ ಎಂಬ ಪದವಿಯೇ ಇತ್ತು. ಪೇಟೆ ಎಬ್ಬಿಸಿ ವರ್ತಕರನ್ನು ಕರೆತಂದವನಿಗೆ ಮಾನ್ಯದ ಭೂಮಿ, ಹೊಸದಾಗಿ ಬಂದು ನೆಲೆಸಿದವರಿಗೆ ಮೊದಲ ಕೆಲವು ಕಾಲ ಸುಂಕದ ವಿನಾಯಿತಿ. ಓದಿದಾಗ ನಗು ಬಂತು. ಇವತ್ತಿನ ಕಂಪನಿಗಳು ಮೊದಲ ಗಿರಾಕಿಗಳಿಗೆ ಕೊಡುವ ರಿಯಾಯಿತಿಯನ್ನು ನಮ್ಮ ದಂಡನಾಯಕರು ಕಲ್ಲಿನಲ್ಲಿ ಕೆತ್ತಿಸಿ ಕೊಟ್ಟಿದ್ದರು. ವ್ಯತ್ಯಾಸ ಒಂದೇ, ಕಲ್ಲಿನ ಮಾತನ್ನು ಮುಂದಿನ ತಿಂಗಳು ಬದಲಿಸಲು ಬರುವುದಿಲ್ಲ.

ದೇವಸ್ಥಾನಗಳನ್ನೂ ನಾನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ತರೀಕೆರೆಯ ಹತ್ತಿರದ ಅಮೃತಾಪುರದ ಅಮೃತೇಶ್ವರ ಗುಡಿಯನ್ನು 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ ಕಟ್ಟಿಸಿದ. ಅಲ್ಲಿನ ಶಾಸನ ಬರೆದವನು ಕವಿ ಜನ್ನ. ಸಾಹಿತ್ಯದ ವಿದ್ಯಾರ್ಥಿಗಳು ಆ ಕಾರಣಕ್ಕೇ ಅಲ್ಲಿಗೆ ಹೋಗುತ್ತಾರೆ, ಹೋಗಲೇಬೇಕು. ಆದರೆ ಗುಡಿ ಎಂದರೆ ಜನ ಸೇರುವ ಖಾತರಿಯೂ ಹೌದು. ಹಬ್ಬಕ್ಕೆ ಬಂದವನು ಬರಿಗೈಯಲ್ಲಿ ಹೋಗುವುದಿಲ್ಲ. ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಇವತ್ತಿಗೂ ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿಗಳು ಓಡೋಡಿ ಬರುತ್ತವೆ. ಹರಕೆ ತೀರಿಸುವುದೂ ಪಕ್ಕದ ಗಾಡಿಯ ಎತ್ತನ್ನು ಕಣ್ಣಲ್ಲೇ ತೂಗುವುದೂ ಒಟ್ಟಿಗೇ ನಡೆಯುತ್ತದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಸಂತೆ ವಾರಕ್ಕೊಮ್ಮೆ ಏಕೆ? ದಿನವೂ ನಡೆದರೆ ಒಳ್ಳೆಯದಲ್ಲವೇ? ಅಲ್ಲ. ಕೊಳ್ಳುವವರೂ ಮಾರುವವರೂ ಕಡಿಮೆ ಇರುವ ಸೀಮೆಯಲ್ಲಿ ಏಳು ದಿನವೂ ಬಾಗಿಲು ತೆರೆದಿಟ್ಟರೆ ಏಳು ದಿನವೂ ಬಿಕೋ ಎನ್ನುತ್ತದೆ. ಇರುವ ಜನರನ್ನೆಲ್ಲ ಒಂದೇ ದಿನಕ್ಕೆ, ಒಂದೇ ಮೈದಾನಕ್ಕೆ ಒತ್ತಿ ಸೇರಿಸಿದರೆ ಮಾತ್ರ ಗಿಜಿಗುಟ್ಟುತ್ತದೆ. ಇಲ್ಲೊಂದು ದಿನ, ಪಕ್ಕದ ಊರಲ್ಲಿ ಮರುದಿನ ಎಂದು ಸಂತೆಗಳು ಸುತ್ತು ಹಾಕಿಕೊಂಡಿರುವುದರಿಂದ ಬಳೆಗಾರನೂ ಬಟ್ಟೆ ವ್ಯಾಪಾರಿಯೂ ಬದುಕುತ್ತಾನೆ. ನಮ್ಮ ಆ್ಯಪ್ ಇಪ್ಪತ್ನಾಲ್ಕು ಗಂಟೆಯೂ ತೆರೆದಿತ್ತು. ಅದನ್ನೇ ನಾವು ಹೆಮ್ಮೆಯಿಂದ ಜಾಹೀರಾತಿನಲ್ಲಿ ಹಾಕಿಕೊಂಡಿದ್ದೆವು.

ಅಜ್ಜಂಪುರದ ಕತೆ ಇನ್ನೂ ದೊಡ್ಡದು, ಏಕೆಂದರೆ ಅದು ದನಗಳ ಕತೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಇಲಾಖೆಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ಹಾಲು ಬೆಣ್ಣೆಯ ಹೆಸರಿನಲ್ಲಿ ಶುರುವಾದದ್ದು ಫಿರಂಗಿ ಎಳೆಯುವ ಎತ್ತುಗಳ ಕಾರ್ಖಾನೆಯಾಯಿತು. 1799ರ ನಂತರ ಬ್ರಿಟಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಅವರು ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟರು. ಎತ್ತು ಬೇಕಾದರೆ ಬಜಾರಿನಲ್ಲಿ ಕೊಂಡರಾಯಿತು ಎಂಬ ಲೆಕ್ಕಾಚಾರ. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಬೇಕಾದಂಥ ಎತ್ತು ಬಜಾರಿನಲ್ಲಿ ಸಿಗದೆ 1866ರಲ್ಲಿ ಮತ್ತೆ ಅದೇ ಇಲಾಖೆಯನ್ನು ತೆರೆಯಬೇಕಾಯಿತು. ಮಾಲಿನ ಗುಣವನ್ನು ಯಾರೋ ಒಬ್ಬರು ತಲೆಮಾರುಗಟ್ಟಲೆ ಕಾದಿದ್ದರಿಂದಲೇ ಕೊಳ್ಳುವವರು ಇದ್ದರು. ಕಾಯುವವರು ಹೋದರೆ ಮಾರುಕಟ್ಟೆ ಉಳಿದರೂ ಮಾಲು ಉಳಿಯುವುದಿಲ್ಲ. ಆಡಳಿತದ ಇತಿಹಾಸದಲ್ಲಿ ಇಷ್ಟು ಬೇಗ ತನ್ನ ತಪ್ಪನ್ನು ಒಪ್ಪಿಕೊಂಡ ಉದಾಹರಣೆ ಕಡಿಮೆ.

1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ಬಂತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಇವತ್ತಿಗೂ ಇದೆ. ಅಲ್ಲಿನ ಹೋರಿಕರುಗಳ ಹರಾಜು ಬಹಿರಂಗವಾಗಿ, ಕೂಗಿ ನಡೆಯುತ್ತದೆ. ಅಲ್ಲಿ ಟವೆಲ್ ಇಲ್ಲ. ದೂರದ ಜಿಲ್ಲೆಗಳಿಂದ ರೈತರು ಗಾಡಿ ಮಾಡಿಕೊಂಡು ಬರುತ್ತಾರೆ. ಅಲ್ಲೇಕೆ ಟವೆಲ್ ಬೇಡ? ನನಗೆ ಅನ್ನಿಸುವುದು ಇಷ್ಟು. ಕರುವಿನ ತಾಯಿ ತಂದೆ ಯಾರು ಎಂಬುದು ದಾಖಲೆಯಲ್ಲಿದೆ, ಮಾರುವವನು ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ. ಜಾತ್ರೆಯಲ್ಲಿ ಅಪರಿಚಿತ ಎತ್ತಿಗೆ ಅಪರಿಚಿತ ಕೊಳ್ಳುವವನು. ನಡುವೆ ಹೊಣೆ ಹೊರುವವನು ದಲ್ಲಾಳಿಯೊಬ್ಬನೇ. ಎತ್ತು ಹಾಯುತ್ತದೆಯೇ, ಉಳುಮೆಯಲ್ಲಿ ಮಲಗಿಬಿಡುತ್ತದೆಯೇ ಎಂಬುದಕ್ಕೆ ಅವನ ಮಾತೇ ಆಧಾರ. ಟವೆಲ್ ಅವನ ಸಂಬಳವನ್ನು ಮುಚ್ಚುತ್ತದೆ ನಿಜ, ಆದರೆ ಆ ಸಂಬಳ ಯಾವುದೋ ಕೆಲಸಕ್ಕೆ ಸಿಗುತ್ತಿತ್ತು. ನಾವು ಸಂಬಳ ಕಿತ್ತುಹಾಕಿದೆವು, ಕೆಲಸ ಯಾರು ಮಾಡಬೇಕೆಂದು ಯೋಚಿಸಲಿಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಗೆ ರೈಲು ಬಂತು. ಬೀರೂರು ಜಂಕ್ಷನ್ನಿನಿಂದ ಒಂದು ದಾರಿ ಅಜ್ಜಂಪುರದ ಮೇಲೆ ಹರಿಹರದ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ. ಮಾಲು ದೂರ ಹೋಗತೊಡಗಿದ ಕೂಡಲೇ ಬೆಲೆ ನಿರ್ಧರಿಸುವವರೂ ದೂರ ಹೋದರು. ಅಡಿಕೆ ಬೆಳೆಗಾರರು ಇದಕ್ಕೆ ಕಂಡುಕೊಂಡ ಉತ್ತರ ಸಹಕಾರ ಸಂಘ. ಶಿವಮೊಗ್ಗದ ಮ್ಯಾಮ್ಕೋಸ್ 1939ರಲ್ಲಿ ಹುಟ್ಟಿತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದ ಅಡಿಕೆಗೆ ಹೆಸರೇ ಗುಣದ ಗುರುತು. ನೋಡದೆಯೂ ಬೆಲೆ ಹೇಳಬಹುದು. ಈರುಳ್ಳಿಗೆ ಅಂಥ ಭಾಷೆ ಇವತ್ತಿಗೂ ಗಟ್ಟಿಯಾಗಿ ಬೆಳೆದಿಲ್ಲ. ಸರ್ಕಾರದ ಉತ್ತರ ನಿಯಂತ್ರಿತ ಮಾರುಕಟ್ಟೆ. ಈಗಿನ ಎಪಿಎಂಸಿಗಳ ಬುಡದಲ್ಲಿರುವುದು 1966ರ ಕಾಯ್ದೆ. ಅಂಗಳದಲ್ಲಿ ಟವೆಲ್ ಹೋಗಿ ಚೀಟಿ ಬಂತು. ವರ್ತಕರು ಬೆಲೆ ಬರೆದು ಹಾಕುತ್ತಿದ್ದರು, ತೆರೆದು ನೋಡಿ ಹೆಚ್ಚಿಗೆ ಬರೆದವನಿಗೆ ಮಾಲು.

ಆ ಚೀಟಿ ಕಂಪ್ಯೂಟರಿಗೆ ಹೋದದ್ದು 2014ರಲ್ಲಿ. ಕರ್ನಾಟಕ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜೂ ಸೇರಿ ಮಾಡಿಕೊಂಡ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಿತು. ಕೇಂದ್ರದ ಇ-ನಾಮ್ ಬಂದದ್ದು ಎರಡು ವರ್ಷ ತಡವಾಗಿ, 2016ರ ಏಪ್ರಿಲ್ 14ರಂದು. ನಾವು ಮೂವರು ಹುಡುಗರು ಕ್ರಾಂತಿ ಎಂದುಕೊಂಡದ್ದನ್ನು ಸರ್ಕಾರ ಆಗಲೇ ಮಾಡಿ ಮುಗಿಸಿತ್ತು ಎಂಬುದು ನಮಗೆ ಗೊತ್ತಿರಲಿಲ್ಲ ಎನ್ನಲು ಈಗ ನಾಚಿಕೆಯಾಗುತ್ತದೆ. ಗೇಟಿನಲ್ಲಿ ಮಾಲಿಗೆ ಲಾಟ್ ನಂಬರು, ವರ್ತಕರು ನಿಗದಿತ ಗಂಟೆಯೊಳಗೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬೆಲೆ ಹಾಕಬೇಕು, ಗೆದ್ದ ಬೆಲೆ ರೈತನ ಫೋನಿಗೆ ಬರುತ್ತದೆ, ಬೇಡವೆಂದರೆ ಅವನು ಒಪ್ಪದಿರಬಹುದು. ಗಮನಿಸಿ, ಇಲ್ಲೂ ಗಂಟೆ ನಿಗದಿ. ಸಂತೆಯ ದಿನ ಕಂಪ್ಯೂಟರಿನೊಳಗೂ ಉಳಿದುಕೊಂಡಿತು.

ಫಲ ಏನಾಯಿತು? ಎಂಐಟಿಯ ಸಂಶೋಧಕರು ಕರ್ನಾಟಕದ ಅಧಿಕಾರಿಗಳ ಜೊತೆ ಸೇರಿ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವೇದಿಕೆಯಿಂದ ಭತ್ತದ ಬೆಲೆ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೆಲವೇ ವರ್ತಕರ ಕೈಯಲ್ಲಿ ಖರೀದಿ ಇದ್ದ ಕಡೆ, ಗುಣ ಅಳೆಯುವ ವ್ಯವಸ್ಥೆ ಗಟ್ಟಿಯಿಲ್ಲದ ಕಡೆ ಪರದೆ ಬಂದರೂ ಲಾಭವಿಲ್ಲ. ಅದೇ ತಂಡ ಆಮೇಲೆ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಹರಾಜಿನ ಕ್ರಮವನ್ನೇ ಬದಲಿಸಿ ನೋಡಿತು. ಎಲ್ಲರೂ ಒಮ್ಮೆ ಬೆಲೆ ಹಾಕಿದ ಮೇಲೆ ಮೇಲಿನ ಕೆಲವರಿಗೆ ಇನ್ನೊಂದು ಸುತ್ತು. ಬೆಲೆ ಶೇ. 4.7ರಷ್ಟು ಏರಿತು. ಹೊಸ ಯಂತ್ರವಿಲ್ಲ, ಹೊಸ ಗಿರಾಕಿಯಿಲ್ಲ. ಇದ್ದ ವರ್ತಕರೇ ಇನ್ನೊಮ್ಮೆ ಯೋಚಿಸುವ ಹಾಗೆ ಮಾಡಿದ್ದು, ಅಷ್ಟೇ.

ಬೆಂಗಳೂರಿನಲ್ಲಿ ಗೆದ್ದವರ ಕತೆಗಳೂ ಹತ್ತಿರ ಹೋಗಿ ನೋಡಿದರೆ ಸಂತೆಯ ಕತೆಗಳೇ. 2007ರಲ್ಲಿ ಪುಸ್ತಕ ಮಾರಲು ಫ್ಲಿಪ್‌ಕಾರ್ಟ್ ಶುರುಮಾಡಿದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು ಬುಕ್‌ಮಾರ್ಕ್ ಹಂಚಿದರು. ಓದುವವರು ಆಗಲೇ ಸೇರುವ ಜಾಗಕ್ಕೆ ತಾವೇ ಹೋದರು. 2010ರಲ್ಲಿ ಮಾಲು ಕೈಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿ ತಂದರು. ಅಪರಿಚಿತನನ್ನು ನಂಬುವ ಹೊಣೆಯನ್ನು ಗಿರಾಕಿಯ ಹೆಗಲಿನಿಂದ ತಮ್ಮ ಹೆಗಲಿಗೆ ಹಾಕಿಕೊಂಡದ್ದು ಅದು. ಎಷ್ಟೋ ಪಾರ್ಸೆಲ್ ವಾಪಸು ಬರುತ್ತದೆಂದು ಗೊತ್ತಿದ್ದೂ. 2006ರಲ್ಲಿ ರೆಡ್‌ಬಸ್ ಕಟ್ಟಿದ ಫಣೀಂದ್ರ ಸಮಾ ಮತ್ತು ಗೆಳೆಯರ ತಂತ್ರಾಂಶ ಬಸ್ಸಿನವರಿಗೆ ಮೊದಲು ಬೇಕಿರಲಿಲ್ಲ. ಅವರು ಕೆಲವೇ ಸೀಟು ಪಡೆದು, ಅದನ್ನು ಮಾರಿ ತೋರಿಸಿ, ಆಮೇಲೆ ಹೆಚ್ಚು ಕೇಳಿದರು. ನಾವು ಅರವತ್ತು ರೈತರನ್ನು ಸೇರಿಸುವ ಬದಲು ಒಂದು ಹೋಟೆಲಿಗೆ ವಾರಕ್ಕೊಮ್ಮೆ ಹತ್ತು ಚೀಲ ಒಣಗಿದ ಈರುಳ್ಳಿ ಮುಟ್ಟಿಸಿದ್ದರೆ ಸಾಕಿತ್ತೇನೋ. ಒದ್ದೆ ಬಂದರೆ ದುಡ್ಡು ವಾಪಸು ಎಂದು ಹೇಳುವ ಧೈರ್ಯ ಬೇಕಿತ್ತು. ಆ ದುಡ್ಡು ನಮ್ಮಲ್ಲಿ ಇತ್ತು, ಅದನ್ನು ಲೋಗೊ ಮಾಡಿಸಲು ಕೊಟ್ಟಿದ್ದೆವು.

ಎಂಗೇಜ್‌ಮೆಂಟ್ ಎಂಬ ಮಾತು ನನಗೆ ಈಗಲೂ ಅಷ್ಟು ಸೇರುವುದಿಲ್ಲ. ಸಂತೆಗೆ ಬರುವವನನ್ನು ಯಾರೂ ದಿನಕ್ಕೆ ಮೂರು ಸಲ ಕರೆಯುವುದಿಲ್ಲ. ಹೋದ ವಾರ ತಕ್ಕಡಿ ಸರಿಯಿದ್ದರೆ, ಕೊಂಡ ಬೀಜ ಮೊಳೆತಿದ್ದರೆ, ಗೆಳೆಯನೊಬ್ಬ ಸಿಕ್ಕು ಕಾಫಿ ಕುಡಿಸಿದ್ದರೆ ಅವನು ಬರುತ್ತಾನೆ.

ಆ್ಯಪ್ ಮುಚ್ಚಿದ ವರ್ಷ ನಮ್ಮ ಈರುಳ್ಳಿಯನ್ನು ಅಪ್ಪ ಎಂದಿನ ದಲ್ಲಾಳಿಗೇ ಹಾಕಿದ. ಪಟ್ಟಿಯಲ್ಲಿ ಬೆಲೆ ಕಡಿಮೆ ಇತ್ತು, ತೂಕದಲ್ಲಿ ಎರಡು ಚೀಲದಷ್ಟು ಕೊರತೆ ಬಂದಿತ್ತು. ನಾನು ಕೂಗಾಡಿದೆ. ಕರ್ನಾಟಕದಲ್ಲಿ ಕಮಿಷನ್ ಕೊಡಬೇಕಾದವನು ಕೊಳ್ಳುವವನೇ ಹೊರತು ರೈತನಲ್ಲ ಎಂದು ಕಾನೂನು ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೇಳಿದ: "ಬಿತ್ತನೆಗೆ ದುಡ್ಡು ಕೊಟ್ಟೋನು ಅವನೇ ಕಣೋ. ನಿನ್ನ ಫೋನು ಕೊಡ್ತದಾ?"

ಈ ಸಲದ ಹೋರಿಕರುಗಳ ಹರಾಜಿಗೆ ಅಜ್ಜಂಪುರಕ್ಕೆ ಹೋಗೋಣ ಎಂದಿದ್ದಾನೆ. ಕೊಳ್ಳುವುದಕ್ಕಲ್ಲ, ಬೆಲೆ ಕೂಗುವುದನ್ನು ಕೇಳುವುದಕ್ಕೆ.