ಚರಕದಿಂದ ಬೇಸಿನ್‌ವರೆಗೆ: ನಮ್ಮ ಸೀಮೆಯ ರೇಷ್ಮೆ ನೂಲಿನ ಇತಿಹಾಸ

ಇತಿಹಾಸವೆಂದರೆ ರಾಜರ ಯುದ್ಧ, ಒಪ್ಪಂದ, ಕೋಟೆ ಕೊತ್ತಲಗಳ ವಿವರ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿದೆ. ಆದರೆ ನಾವು ದಿನವೂ ನೋಡುವ ಕೆಲಸದ ಮನೆಗಳಿಗೂ ಒಂದು ಇತಿಹಾಸವಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಅಂತಹ ಇತಿಹಾಸ ಹುಡುಕುವವರು ದೂರ ಹೋಗಬೇಕಾಗಿಲ್ಲ. ರೇಷ್ಮೆ ಗೂಡು ಬೇಯುವ ವಾಸನೆ ಬರುವ ಕಡೆ ನಡೆದರೆ ಸಾಕು.

ಅಲ್ಲಿ ಆಡುವ ಮಾತುಗಳನ್ನೇ ಗಮನಿಸಿ. ‘ರೇಷ್ಮೆ’ ಎಂಬುದು ಪಾರಸಿಯ ‘ರೇಶಮ್’. ‘ಚರಕ’ವೂ ಪಾರಸಿಯ ‘ಚರ್ಖ್’, ಅಂದರೆ ಚಕ್ರ. ‘ಫಿಲೇಚರ್’ ಫ್ರೆಂಚಿನಿಂದ ಬಂದದ್ದು, ‘ಬೇಸಿನ್’ ಇಂಗ್ಲಿಷಿನದು. ಗೂಡು, ಎಳೆ, ನೂಲು ನಮ್ಮ ಕನ್ನಡದವು. ಒಂದೇ ಸೂರಿನ ಕೆಳಗೆ ಇಷ್ಟು ನಾಡುಗಳ ಪದಗಳು ಸೇರಿರುವಂತೆ ಇಷ್ಟು ನಾಡುಗಳ ಉಪಕರಣಗಳೂ ಸೇರಿವೆ. ಹಳೆಯದನ್ನು ಬಿಡದೆ, ಹೊಸದನ್ನು ತಳ್ಳದೆ, ಎರಡನ್ನೂ ಹೊಂದಿಸಿಕೊಂಡು ದುಡಿದವರ ಕಥೆಯೇ ಈ ಲೇಖನದ ವಿಷಯ.

ಆರಂಭದ ದಿನಗಳು

ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಗೆ ರಾಜ್ಯದ ಬೆಂಬಲ ನೀಡಿದವನು ಟಿಪ್ಪು ಸುಲ್ತಾನ್. ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರನ್ನು ಆತ ಬಂಗಾಳಕ್ಕೆ ಕಳುಹಿಸಿದ. ಅವರು ರೇಷ್ಮೆ ಹುಳುಗಳೊಂದಿಗೆ ಹಿಂತಿರುಗುತ್ತಿರುವ ವಿಷಯವನ್ನು 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದು ತಿಳಿಸಿದ. ರಾಜ್ಯದಲ್ಲಿ 21 ಕಡೆ ಹುಳು ಸಾಕಣೆಯ ಕೇಂದ್ರಗಳನ್ನು ಏರ್ಪಡಿಸಿದ. ಒಬ್ಬ ಬುರ್ಹಾನುದ್ದೀನ್, ಒಬ್ಬ ಕಸ್ತೂರಿ ರಂಗ ಜೊತೆಯಾಗಿ ಹೋಗಿ ತಂದ ಕಸುಬು ಇದು ಎಂಬುದನ್ನು ನಮ್ಮ ಮಕ್ಕಳು ನೆನಪಿನಲ್ಲಿಡಬೇಕು.

1799ರಲ್ಲಿ ಟಿಪ್ಪುವಿನ ಪತನದ ನಂತರ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಹೀಗೆ ಸರ್ಕಾರಗಳು ಎರಡಾದರೂ ಹಿಪ್ಪುನೇರಳೆ ಸೊಪ್ಪು ಎರಡೂ ಕಡೆ ಬೆಳೆಯಿತು.

ಅತ್ತ ಬೆಂಗಳೂರಿನಲ್ಲಿ ಜಮ್ಶೇಟ್‌ಜಿ ಟಾಟಾ ಅವರು 1890ರ ದಶಕದಲ್ಲಿ ಜಪಾನಿನ ತಜ್ಞ ದಂಪತಿಗಳನ್ನು ಕರೆಸಿ ರೇಷ್ಮೆ ಫಾರಂ ತೆರೆದರು. ಮುಂದೆ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಕರೆಸಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ ಪ್ಯಾರಾಚೂಟ್ ಬಟ್ಟೆಗಾಗಿ ನಮ್ಮ ನೂಲಿಗೆ ದೊಡ್ಡ ಬೇಡಿಕೆ ಬಂತು. ಕೊಳ್ಳೇಗಾಲ, ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ಸಂತೇಮರಹಳ್ಳಿ, ಚಾಮರಾಜನಗರ, ತಿ.ನರಸೀಪುರಗಳಲ್ಲಿ ಸರ್ಕಾರಿ ಫಿಲೇಚರ್‌ಗಳು ನಡೆದವು. ಆದರೆ ಹೆಚ್ಚಿನ ನೂಲು ತೆಗೆದದ್ದು ಮನೆಯ ಹಿತ್ತಲಿನ ಚರಕಗಳೇ.

ಚರಕದ ಕೆಲಸ

ಒಂದು ಗೂಡು ಎಂದರೆ ಒಂದೇ ಎಳೆಯ ಉಂಡೆ. ನಮ್ಮ ನಾಡತಳಿಯ ಗೂಡಿನಲ್ಲಿ ಸುಮಾರು 400 ಮೀಟರ್, ದ್ವಿತಳಿ ಗೂಡಿನಲ್ಲಿ 1000 ಮೀಟರಿನಷ್ಟು ಎಳೆ ಇರುತ್ತದೆ. ಎಳೆಗೆ ಎಳೆ ಅಂಟಿಕೊಂಡಿರುವುದು ಸೆರಿಸಿನ್ ಎಂಬ ಗೋಂದಿನಿಂದ. ಬಿಸಿನೀರಿನಲ್ಲಿ ಬೇಯಿಸಿದರೆ ಗೋಂದು ಮೆತ್ತಗಾಗಿ ಎಳೆ ಬಿಡುತ್ತದೆ. ಹಲವು ಗೂಡುಗಳ ಎಳೆಗಳನ್ನು ಒಟ್ಟು ಸೇರಿಸಿದರೆ ಒಂದು ನೂಲು.

ಚರಕದಲ್ಲಿ ಒಂದೇ ಪಾತ್ರೆ. ಬೇಯಿಸುವುದೂ ಅದರಲ್ಲೇ, ಎಳೆ ತೆಗೆಯುವುದೂ ಅದರಲ್ಲೇ. ಕೆಳಗೆ ಮಣ್ಣಿನ ಒಲೆ ಉರಿಯುತ್ತದೆ. ಒಬ್ಬರು ರಾಟೆ ತಿರುಗಿಸಿದರೆ ಇನ್ನೊಬ್ಬರು ಕುದಿಯುವ ನೀರಿನ ಹತ್ತಿರ ಬೆರಳಿಟ್ಟು ಎಳೆ ಹಿಡಿಯಬೇಕು. ಪಕ್ಕದಲ್ಲೊಂದು ತಣ್ಣೀರಿನ ಬಟ್ಟಲು. ಬೆರಳು ಸುಟ್ಟಾಗಲೆಲ್ಲ ಅದರಲ್ಲಿ ಅದ್ದುವುದು. ಎಳೆ ದಪ್ಪವಾಯಿತೋ ತೆಳುವಾಯಿತೋ ಎಂದು ತಿಳಿಯಲು ಯಂತ್ರವಿಲ್ಲ, ಬೆರಳೇ ಅಳತೆ. ಆ ಬೆರಳುಗಳ ಪಾಂಡಿತ್ಯವನ್ನು ಯಾವ ಪುಸ್ತಕವೂ ಬರೆದಿಟ್ಟಿಲ್ಲ.

ನಂತರ ಬಂದ ಕಾಟೇಜ್ ಬೇಸಿನ್ ಜಪಾನಿ ಮಾದರಿಯಿಂದ ರೂಪುಗೊಂಡದ್ದು. ಅದರ ದೊಡ್ಡ ಸುಧಾರಣೆ ಮೋಟಾರು ಎಂದು ಹಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದಲ್ಲ. ಬೇಯಿಸುವ ಪಾತ್ರೆಯನ್ನೂ ಎಳೆ ತೆಗೆಯುವ ಪಾತ್ರೆಯನ್ನೂ ಬೇರೆ ಮಾಡಿದ್ದೇ ನಿಜವಾದ ಸುಧಾರಣೆ. ಗೂಡನ್ನು ಒಂದು ಕಡೆ ಕುದಿಸಿ, ಉಗುರುಬೆಚ್ಚನೆಯ ನೀರಿನ ಇನ್ನೊಂದು ಪಾತ್ರೆಗೆ ಹಾಕಿದರೆ ಕೈ ಅಷ್ಟಾಗಿ ಸುಡುವುದಿಲ್ಲ, ನೂಲೂ ನಯವಾಗುತ್ತದೆ. ಪಿಂಗಾಣಿ ಗುಂಡಿಯ ರಂಧ್ರದಲ್ಲಿ ನೂಲು ಹಾಯುವುದರಿಂದ ಗಂಟುಗಳು ನಿಲ್ಲುತ್ತವೆ. ಒಂದು ಪಾತ್ರೆ ಎರಡಾದ ಇಷ್ಟು ಸರಳ ಬದಲಾವಣೆ ಎಷ್ಟೋ ಕೈಗಳನ್ನು ಉಳಿಸಿತು.

ಹಳೆಯದೂ ಹೊಸದೂ ಒಟ್ಟಿಗೆ

ಬೇಸಿನ್ ಬಂದ ಮಾತ್ರಕ್ಕೆ ಚರಕ ಮೂಲೆ ಸೇರಲಿಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ರೈತರು ಸಾಕಣೆ ಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟಿ ಅದನ್ನು ತಡೆಯಲು ನೋಡಿದರು. ಆದರೂ ಊಜಿ ಕೊರೆದ ಗೂಡುಗಳು ಬರುತ್ತಲೇ ಇದ್ದವು. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಕಲೆಯಾದ ಗೂಡು, ತೆಳು ಗೂಡುಗಳನ್ನೂ ಬೇಸಿನ್ ಒಪ್ಪುವುದಿಲ್ಲ. ಚರಕ ಎಲ್ಲವನ್ನೂ ಒಪ್ಪುತ್ತದೆ. ಆದ್ದರಿಂದ ಒಳ್ಳೆಯ ಗೂಡು ಬೇಸಿನ್ನಿಗೆ, ಆರಿಸಿ ಬಿಟ್ಟದ್ದು ಚರಕಕ್ಕೆ ಎಂಬ ಪದ್ಧತಿ ಬೆಳೆಯಿತು. ಉಳಿದ ಜೊಟ್ಟೂ ವ್ಯರ್ಥವಲ್ಲ, ಅದು ಸ್ಪನ್ ಸಿಲ್ಕ್ ಗಿರಣಿಗೆ ಹೋಗುತ್ತದೆ. ಒಳಗಿನ ಹುಳುವಿನಿಂದ ಎಣ್ಣೆ ತೆಗೆಯುತ್ತಾರೆ.

ವಿದ್ಯುತ್ತಿನ ವಿಷಯವೂ ಹಾಗೆಯೇ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ, ಹತ್ತಿರದ ಕೊಳ್ಳೇಗಾಲಕ್ಕಲ್ಲ. ಮುಂದೆ ನಮ್ಮ ಊರಿಗೂ ಕರೆಂಟು ಬಂತು, ಆದರೆ ಹೇಳದೆ ಕೇಳದೆ ಹೋಗುವುದೂ ಅದರ ಸ್ವಭಾವ. ಬೇಯಿಸಿದ ಗೂಡು ಕರೆಂಟಿಗಾಗಿ ಕಾಯುವುದಿಲ್ಲ. ತಡವಾದರೆ ಎಳೆ ಕೆಡುತ್ತದೆ. ಆದ್ದರಿಂದ ಮೋಟಾರು ಕೂರಿಸಿದ ಮೇಲೂ ಕೈಹಿಡಿಕೆಯನ್ನು ಬಿಚ್ಚದೆ ಉಳಿಸಿಕೊಂಡವರುಂಟು. ಕರೆಂಟು ಹೋದ ಕೂಡಲೇ ಬೆಲ್ಟ್ ಜಾರಿಸಿ ಹಿಡಿಕೆ ತಿರುಗಿಸುತ್ತಿದ್ದರು. ಗೂಡಿನ ಹುಳು ಕೊಲ್ಲಲು ಬಿಸಿಗಾಳಿಯ ಡ್ರೈಯರ್ ಕೊಳ್ಳಲಾಗದವರು ಕುದಿಯುವ ನೀರಿನ ಮೇಲೆ ಬಿದಿರಿನ ಬುಟ್ಟಿ ಇಟ್ಟು, ಒದ್ದೆ ಗೋಣಿ ಮುಚ್ಚಿ ಆವಿ ಕೊಟ್ಟರು. ಕೆಲವರು ಡ್ರಮ್ಮನ್ನೇ ಆವಿಯ ಪಾತ್ರೆ ಮಾಡಿಕೊಂಡರು. ಇವೆಲ್ಲ ಬಡತನದ ಉಪಾಯಗಳೆಂದು ನಗುವವರು, ಅವುಗಳ ಹಿಂದಿನ ಲೆಕ್ಕಾಚಾರವನ್ನೂ ನೋಡಬೇಕು.

2010ರ ದಶಕದಲ್ಲಿ ರಾಜ್ಯದ ರೇಷ್ಮೆ ಪಟ್ಟಣಗಳಿಗೆ ಸ್ವಯಂಚಾಲಿತ ಯಂತ್ರಗಳು ಬಂದವು. ನೂಲಿನ ದಪ್ಪವನ್ನು ಯಂತ್ರವೇ ಗುರುತಿಸಿ, ಕಡಿಮೆಯಾದರೆ ಹೊಸ ಗೂಡು ಸೇರಿಸುತ್ತದೆ. ಅದಕ್ಕೆ ಒಂದೇ ಸಮನಾದ ದ್ವಿತಳಿ ಗೂಡು ಬೇಕು, ದೊಡ್ಡ ಬಂಡವಾಳವೂ ಬೇಕು. ಮಾರುಕಟ್ಟೆಯಲ್ಲಿ ಹರಾಜು ಮೊಬೈಲಿಗೆ ಬಂದಿದೆ. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಬೆಲೆ ಕುಸಿದು ಸಣ್ಣ ರೀಲರ್‌ಗಳು ತತ್ತರಿಸಿದರು. ಬೆಲ್ಟ್ ಜಾರಿಸಿ ಹಿಡಿಕೆ ತಿರುಗಿಸಿದಂತೆ ಇದಕ್ಕೆ ಮನೆಯಲ್ಲೇ ಪರಿಹಾರವಿರಲಿಲ್ಲ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗ ಕಾಪಿ ಬರೆಯದೆ ಸುಮ್ಮನೆ ಕುಳಿತಿದ್ದ. ಗದರಿಸಿದೆ. ಅವನು ಕೈ ಮುಂದೆ ಮಾಡಿದ. ಬೆರಳ ತುದಿಗಳು ಬಿಳಿಚಿಕೊಂಡು ಚರ್ಮ ಸುಲಿದಿತ್ತು. “ಅಮ್ಮೀಗೆ ಹುಷಾರಿಲ್ಲ ಸರ್, ಚರಕದ ಹತ್ತಿರ ಕೂತಿದ್ದೆ” ಎಂದ. ಗದರಿಸಿದ್ದಕ್ಕೆ ನಾಚಿಕೆಯಾಯಿತು. ಅಂದು ಸಂಜೆ ಅವನ ಮನೆಗೆ ಹೋದೆ. ಅವನ ಅಬ್ಬಾ ನನ್ನನ್ನು ಕೂರಿಸಿ ಚಹಾ ಕೊಟ್ಟು, ಚರಕದ ಪ್ರತಿಯೊಂದು ಭಾಗವನ್ನೂ ವಿವರಿಸಿದರು. ಕೊನೆಗೆ ತಮ್ಮ ಬೆರಳುಗಳನ್ನೂ ತೋರಿಸಿ, “ಮಾಸ್ತರ್ ಸಾಬ್, ಈ ವಿದ್ಯೆ ಅವನಿಗೆ ಬರಲಿ, ಈ ಬೆರಳು ಬರುವುದು ಬೇಡ” ಎಂದರು.

14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2016ರ ಕಾನೂನು ತಿದ್ದುಪಡಿ ನಿಷೇಧಿಸಿದೆ. ಮನೆಯ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸಕ್ಕೆ, ಶಾಲೆ ಬಿಟ್ಟ ಮೇಲೆ ನೆರವಾಗಲು ಮಾತ್ರ ಅವಕಾಶವಿದೆ. ಕುದಿಯುವ ನೀರು ಅಪಾಯವಲ್ಲದೆ ಮತ್ತೇನು? ತಾಯಿತಂದೆಯರು ಇದನ್ನು ಯೋಚಿಸಬೇಕು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿಯರು ಪದವಿ ಪಡೆದವರಲ್ಲದಿರಬಹುದು. ಆದರೆ ಆವಿ, ಉಷ್ಣತೆ, ಚಕ್ರ, ಬೆಲ್ಟು, ಎಳೆಯ ದಪ್ಪ ಎಲ್ಲವನ್ನೂ ಕೈಯಿಂದ ಅರಿತವರು. ಈ ರಜೆಯಲ್ಲಿ ಅವರ ಪಕ್ಕ ಕುಳಿತು ಕೇಳಿ. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆದಿಡಿ. ನಿಮ್ಮಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರು ಆ ಬರಹವನ್ನು ಮುಂದೆ ಇಟ್ಟುಕೊಂಡು, ಸಣ್ಣ ಮನೆಗೆ ಕೊಳ್ಳಲಾಗುವ, ಕೈ ಸುಡದ ಒಂದು ಬೇಸಿನ್ ಮಾಡಲು ಪ್ರಯತ್ನಿಸಿ. ಒಂದು ಪಾತ್ರೆಯನ್ನು ಎರಡು ಮಾಡಿದವರು ಇಷ್ಟು ಉಪಕಾರ ಮಾಡಿದ್ದಾರೆ. ಮುಂದಿನ ಹೆಜ್ಜೆ ನಿಮ್ಮದು.